ಜಾಮೆಟ್ರಿ ಫಂಕ್ಷನ್: ಹೊಲಿಗೆ ಪ್ಯಾಟರ್ನ್‌ನೊಳಗೆ ಕೂತ ಕೈವಾರ

ಮೂರು ಬಾಹುಗಳ ಅಳತೆ ಕೊಟ್ಟು ತ್ರಿಭುಜ ರಚಿಸಿ ಅಂತ ಶಾಲೆಯಲ್ಲಿ ಕೇಳುತ್ತಿದ್ದರು, ನೆನಪಿದೆಯಾ? ಮೊದಲು ಪಾದ ಎಳೆಯಬೇಕು. ಅದರ ಎರಡೂ ತುದಿಯಿಂದ ಕೈವಾರದಲ್ಲಿ ಕಂಸ ಹಾಕಬೇಕು. ಕಂಸಗಳು ಕೂಡಿದ ಕಡೆ ಚುಕ್ಕಿ. ಕಂಪ್ಯೂಟರ್‌ನಲ್ಲಿ ಬ್ಲೌಸಿನ ತೋಳಿನ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಬೇಕಾದ ನಕ್ಷೆ, ಬರೆಯುವಾಗಲೂ ಇದೇ ಕೆಲಸ ನಡೆಯುತ್ತದೆ. ಅದನ್ನು ಮಾಡಿಕೊಡುವ ಸಿದ್ಧ ಲೆಕ್ಕಕ್ಕೆ ಜಾಮೆಟ್ರಿ ಫಂಕ್ಷನ್ ಅನ್ನುತ್ತಾರೆ.

ಒಂದು ಚುಕ್ಕಿಯಿಂದ ಇಷ್ಟು ದೂರ, ಇಷ್ಟು ಕೋನದಲ್ಲಿ ಇನ್ನೊಂದು ಚುಕ್ಕಿ ಇಡು. ಎರಡು ಗೆರೆ ಎಲ್ಲಿ ಕೂಡುತ್ತವೆ ಹೇಳು. ಈ ಬಾಗಿದ ಗೆರೆಯ ಉದ್ದ ಎಷ್ಟು? ಇಂಥವೆಲ್ಲ ಜಾಮೆಟ್ರಿ ಫಂಕ್ಷನ್‌ಗಳೇ. ವ್ಯಾಲೆಂಟಿನಾ, ಸೀಮ್ಲಿ ಟುಡಿ ಅನ್ನುವ ಪ್ಯಾಟರ್ನ್ ಬರೆಯುವ ಸಾಫ್ಟ್‌ವೇರ್‌ಗಳಲ್ಲಿ ಇವುಗಳಲ್ಲಿ ಹಲವು ಬಟನ್ ಆಗಿ ಸಿಗುತ್ತವೆ. ಫ್ರೀಸೋಯಿಂಗ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಪ್ಯಾಟರ್ನನ್ನೇ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವುದರಿಂದ ಅಲ್ಲಿ ಇವನ್ನು ಹೆಸರು ಹಿಡಿದು ಕರೆಯಬೇಕು.

ತೋಳನ್ನೇ ನೋಡೋಣ. ತೋಳು ಅತಿ ಅಗಲವಾಗಿರುವ ಕಡೆ ಅಡ್ಡ ಗೆರೆ 13 ಇಂಚು. ಆರ್ಮ್‌ಹೋಲ್ (ಬ್ಲೌಸಿನಲ್ಲಿ ತೋಳು ಕೂರಿಸುವ ತೂತು) ಸುತ್ತಳತೆ 16 ಇಂಚು, ಅಂದರೆ ಮುಂದೆ 8, ಹಿಂದೆ 8 ಅಂತಿಟ್ಟುಕೊಳ್ಳಿ. ಅಡ್ಡ ಗೆರೆಯ ಎರಡೂ ತುದಿಯಿಂದ 8 ಇಂಚು ತ್ರಿಜ್ಯದ ವೃತ್ತ ಹಾಕಿದರೆ ಅವು ಕೂಡುವ ಜಾಗವೇ ತೋಳಿನ ನೆತ್ತಿ, ಅಂದರೆ ಭುಜಕ್ಕೆ ಕೂಡುವ ತುದಿ. ಎತ್ತರ ಸುಮಾರು 4.7 ಇಂಚು ಬರುತ್ತದೆ. ಈಗ ಸ್ವಲ್ಪ ದಪ್ಪ ತೋಳಿನವರು ಬಂದರು, ಅಡ್ಡ ಗೆರೆ 14 ಆಯಿತು. ಆರ್ಮ್‌ಹೋಲ್ ಅಷ್ಟೇ ಇದೆ. ಎತ್ತರ 3.9 ಇಂಚಿಗೆ ಇಳಿಯುತ್ತದೆ. ಒಂದೇ ಇಂಚು ಅಗಲಕ್ಕೆ ಮುಕ್ಕಾಲು ಇಂಚಿಗಿಂತ ಜಾಸ್ತಿ ಎತ್ತರ ಹೋಯಿತು! ಎತ್ತರದ ಜಾಗದಲ್ಲಿ ಸುಮ್ನೆ 4.7 ಅಂತ ಟೈಪ್ ಮಾಡಿದ್ದರೆ ಅದು ಅಲ್ಲೇ ನಿಂತಿರುತ್ತಿತ್ತು, ತೋಳು ಆರ್ಮ್‌ಹೋಲ್‌ಗೆ ಕೂರುತ್ತಿರಲಿಲ್ಲ. ಫಂಕ್ಷನ್ ನೆನಪಿಟ್ಟುಕೊಳ್ಳುವುದು ಅಂಕಿಯನ್ನಲ್ಲ, ಅಳತೆಗಳ ನಡುವಿನ ನಂಟನ್ನು. ನನಗೆ ಇದರಲ್ಲಿ ತುಂಬ ಇಷ್ಟವಾಗುವುದು ಇದೇ.

ಇಲ್ಲೊಂದು ಎಚ್ಚರ ಬೇಕು. ಎರಡು ವೃತ್ತಗಳು ಸಾಮಾನ್ಯವಾಗಿ ಎರಡು ಕಡೆ ಕೂಡುತ್ತವೆ, ಅಡ್ಡ ಗೆರೆಯ ಮೇಲೊಂದು, ಕೆಳಗೊಂದು. ಯಾವುದು ನೆತ್ತಿ ಅಂತ ಕಂಪ್ಯೂಟರ್‌ಗೆ ಗೊತ್ತಿಲ್ಲ. ನಾವೇ ಆರಿಸಬೇಕು. ತಪ್ಪಿದರೆ ತೋಳಿನ ಉಬ್ಬು ಕೆಳಕ್ಕೆ ಜೋತುಬೀಳುತ್ತದೆ.

ಇನ್ನು ಅಡ್ಡ ಗೆರೆ 17 ಇಂಚು ಆದರೆ? 8 ಮತ್ತು 8 ಸೇರಿ 16 ಮಾತ್ರ. ವೃತ್ತಗಳು ಒಂದನ್ನೊಂದು ಮುಟ್ಟುವುದೇ ಇಲ್ಲ, ಚುಕ್ಕಿಯೂ ಸಿಗುವುದಿಲ್ಲ. ಸಾಫ್ಟ್‌ವೇರ್ ಕೆಟ್ಟಿದೆ ಅಂತ ಬೇಸರ ಮಾಡಿಕೊಳ್ಳಬೇಡಿ. ಇಷ್ಟು ಚಿಕ್ಕ ಆರ್ಮ್‌ಹೋಲ್‌ಗೆ ಇಷ್ಟು ಅಗಲದ ತೋಳನ್ನು ಹೀಗೆ ಕೂರಿಸಲು ಆಗದು ಅಂತ ಅದು ಹೇಳುತ್ತಿದೆ. ಆರ್ಮ್‌ಹೋಲನ್ನು ಕೆಳಕ್ಕೆ ಇಳಿಸಿ ದೊಡ್ಡದು ಮಾಡಬೇಕು, ಇಲ್ಲ ತೋಳಿನ ಲೂಸ್ ಕಡಿಮೆ ಮಾಡಬೇಕು. ಬಟ್ಟೆಗೆ ಕತ್ತರಿ ಹಾಕುವ ಮೊದಲೇ ಇದು ಗೊತ್ತಾಗುವುದು ಎಷ್ಟು ಒಳ್ಳೆಯದು, ಅಲ್ವಾ?

ನೆತ್ತಿ ಸಿಕ್ಕಿದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಆ 8 ಇಂಚು ನೇರ ಗೆರೆಯದು. ನಾವು ಹೊಲಿಯುವುದು ಬಾಗಿದ ಅಂಚನ್ನು, ಅದು ಯಾವಾಗಲೂ ನೇರ ಗೆರೆಗಿಂತ ಉದ್ದ. ಎಷ್ಟು ಉದ್ದ? ಟೈಲರ್ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ, ಬಾಗಿದ ಹಾಗೆ ಬೆರಳಿನಿಂದ ಒತ್ತುತ್ತಾ ಅಳೆಯುತ್ತಾರೆ. ಕಂಪ್ಯೂಟರ್ ಆ ಗೆರೆಯನ್ನು ಪುಟ್ಟ ಪುಟ್ಟ ನೇರ ತುಂಡುಗಳಾಗಿ ಮಾಡಿ ಕೂಡಿಸಬಲ್ಲದು. ಮುಂದಿನ, ಹಿಂದಿನ ಎರಡೂ ಅಂಚು ಸೇರಿ ಬಂದ ಉದ್ದದಲ್ಲಿ ಆರ್ಮ್‌ಹೋಲ್‌ನ 16 ಇಂಚು ಕಳೆಯಿರಿ. ಉಳಿದದ್ದು ತೋಳು ಕೂರಿಸುವಾಗ ಒಳಗೆ ಸೇರಿಸಿಕೊಳ್ಳಬೇಕಾದ ಬಟ್ಟೆ. ಜಾಸ್ತಿ ಉಳಿದರೆ ಭುಜದ ಹತ್ತಿರ ನೆರಿಗೆ ಏಳುತ್ತದೆ. ಪಫ್ ತೋಳಿಗಾದರೆ ಆ ನೆರಿಗೆಯೇ ಬೇಕು.