ಸೋಪಿನ ಡಬ್ಬಿಗೆ ನೀರು ಬೆರೆಸಿದರೆ ಕೈ ಶುದ್ಧ ಆಗುತ್ತಾ?

ಪ್ರಶ್ನೆ: ಕೆಲಸದ ಮೇಲೆ ಕಾರವಾರ, ಭಟ್ಕಳ ಅಂತ ಓಡಾಡುತ್ತೇನೆ. ದಾರಿಯ ಶೌಚಾಲಯಗಳಲ್ಲಿ ಸೋಪಿನ ಡಬ್ಬಿ ಒತ್ತಿದರೆ ನೀರೇ ಜಾಸ್ತಿ ಬರುತ್ತದೆ. ಅದರಲ್ಲಿ ಕೈ ತೊಳೆದು ಪ್ರಯೋಜನ ಇದೆಯಾ? ಹಿಂದಿನ ಸೋಪಿನ ತುಂಡೇ ವಾಸಿ ಅಲ್ವಾ?

ಉತ್ತರ: ಹೋದ ತಿಂಗಳು ಅಂಕೋಲಾ ದಾಟಿ ಊಟಕ್ಕೆ ನಿಂತಿದ್ದೆ. ಬಂಗಡೆ ಫ್ರೈ ತಿಂದು ಕೈ ತೊಳೆಯಲು ಹೋದರೆ, ಹುಡುಗನೊಬ್ಬ ಸೋಪಿನ ಡಬ್ಬಿಯ ಮುಚ್ಚಳ ತೆಗೆದು ಮಗ್ಗಿನಿಂದ ನಲ್ಲಿ ನೀರು ಸುರಿಯುತ್ತಿದ್ದ. ತಳದಲ್ಲಿ ಎರಡು ಬೆರಳಷ್ಟು ಹಸಿರು ಸೋಪು ಉಳಿದಿತ್ತು. ‘ತಮಾ, ಸೋಪು ಖಾಲಿಯಾ?’ ಅಂದೆ. ‘ಇಲ್ಲ, ಸಂಜೆ ತನಕ ಬರ್ತದೆ’ ಅಂದ. ಮೀನಿನ ವಾಸನೆ ನನ್ನ ಜೊತೆ ಮನೆ ತನಕ ಬಂತು.

ಸೋಪು ತೆಳುವಾದದ್ದು ಅಷ್ಟು ದೊಡ್ಡ ವಿಷಯ ಅಲ್ಲ. ನೊರೆ ಬರುತ್ತಿದ್ದರೆ ಜಿಡ್ಡು ಸ್ವಲ್ಪವಾದರೂ ಬಿಡುತ್ತದೆ. ತೊಂದರೆ ಇರುವುದು ಬೇರೆ ಕಡೆ. ದ್ರವ ಸೋಪು ಕೆಡದಂತೆ ಅದರಲ್ಲಿ ಸಂರಕ್ಷಕ ಸೇರಿಸಿರುತ್ತಾರೆ. ನೀರು ಬೆರೆಸಿದಂತೆಲ್ಲ ಅದರ ಬಲ ಕುಗ್ಗುತ್ತದೆ. ನೀರಿನ ಜೊತೆ, ಕಲಕುವ ಕೈಯ ಜೊತೆ ಬಂದ ಬ್ಯಾಕ್ಟೀರಿಯಾ ಆ ಸೋಪಿನಲ್ಲೇ ಬೆಳೆಯುತ್ತದೆ. ಡಬ್ಬಿಯ ಒಳಗೋಡೆಗೆ ಲೋಳೆಯಂತೆ ಅಂಟಿಕೊಂಡರಂತೂ ಮೇಲಿಂದ ಹೊಸ ಸೋಪು ಸುರಿದರೂ ಹೋಗುವುದಿಲ್ಲ. ಉಳಿದ ಸೋಪಿನ ಮೇಲೇ ಮತ್ತೆ ತುಂಬಬೇಡಿ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2002ರಲ್ಲೇ ಆಸ್ಪತ್ರೆಗಳಿಗೆ ಹೇಳಿದ್ದು ಇದಕ್ಕೇ.

2011ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಅಮೆರಿಕದ ಒಂದು ಪ್ರಾಥಮಿಕ ಶಾಲೆಯಲ್ಲಿ ಹೀಗೆ ಮೇಲಿಂದ ತುಂಬುವ 14 ಡಬ್ಬಿಗಳಿದ್ದವು. ಹದಿನಾಲ್ಕರ ಸೋಪಿನಲ್ಲೂ ಬ್ಯಾಕ್ಟೀರಿಯಾ ಸೇರಿತ್ತು. ಆ ಸೋಪಿನಲ್ಲಿ ತೊಳೆದವರ ಕೈಯಲ್ಲಿ ಗ್ರಾಮ್ ನೆಗೆಟಿವ್ ಎಂಬ ಗುಂಪಿನ ಬ್ಯಾಕ್ಟೀರಿಯಾ ತೊಳೆಯುವ ಮೊದಲಿಗಿಂತ 26 ಪಟ್ಟು ಹೆಚ್ಚಿತ್ತು! ಸೀಲ್ ಮಾಡಿದ ಚೀಲದ ಸೋಪು ಬಳಸಿದಾಗ ಅದು ಕಡಿಮೆಯಾಯಿತು. ಮಾಲ್, ವಿಮಾನ ನಿಲ್ದಾಣಗಳಲ್ಲಿ ಡಬ್ಬಿಯೊಳಗೆ ಇಡೀ ಚೀಲವನ್ನೇ ಬದಲಿಸುವುದು ಸುಮ್ನೆ ಶೋಕಿಗಲ್ಲ. ಹೆಚ್ಚಾಗಿ ಚೀಲದ ಜೊತೆ ಅದರ ಮೂತಿಯೂ ಹೊಸದು ಬರುತ್ತದೆ.

ಇನ್ನು ಸೋಪಿನ ತುಂಡು. ನಿಮ್ಮ ಅನುಮಾನ ಪೂರ್ತಿ ತಪ್ಪಲ್ಲ. 1988ರ ಒಂದು ಪ್ರಯೋಗದಲ್ಲಿ ಬೇಕೆಂದೇ ಬ್ಯಾಕ್ಟೀರಿಯಾ ಹಚ್ಚಿದ ಸೋಪಿನಲ್ಲಿ 16 ಜನರ ಕೈ ತೊಳೆಸಿದರು. ಯಾರ ಕೈಗೂ ಪತ್ತೆಯಾಗುವಷ್ಟು ದಾಟಲಿಲ್ಲ. ಆದರೆ ಹತ್ತಾರು ಜನ ಉಜ್ಜಿ, ಕೂದಲಂಟಿ, ನೀರಲ್ಲಿ ನೆನೆದು ಕರಗಿದ ತುಂಡನ್ನು ಮುಟ್ಟಲು ನನಗೂ ಮನಸ್ಸಾಗುವುದಿಲ್ಲ. ದ್ರವ ಸೋಪಿಗೆ ಅಮೆರಿಕದಲ್ಲಿ 1865ರಲ್ಲೇ ಪೇಟೆಂಟ್ ಸಿಕ್ಕಿತ್ತು. ಮನೆಮನೆಯ ಬೇಸಿನ್ನಿಗೆ ಪಂಪ್ ಬಾಟಲಿ ಬಂದದ್ದು ಮಾತ್ರ 1980ರ ನಂತರ.

ಹೋಟೆಲ್ ನಡೆಸುವವರು ಎರಡು ಡಬ್ಬಿ ಇಟ್ಟುಕೊಳ್ಳಲಿ. ಒಂದು ಪೂರ್ತಿ ಖಾಲಿಯಾದ ಮೇಲೆ ತೊಳೆದು, ಒಣಗಿಸಿ, ಆಮೇಲೆ ತುಂಬಲಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಒಣಗುವುದೇ ಕಷ್ಟ, ಅದಕ್ಕೇ ಎರಡು ಬೇಕು. ಅಲ್ಲಿಯ ತನಕ ನಿಮ್ಮ ಬ್ಯಾಗಿನಲ್ಲೊಂದು ಸಣ್ಣ ಸೋಪು ಇರಲಿ. ನನ್ನದು ಹಳೇ ಮಾತ್ರೆ ಡಬ್ಬಿಯಲ್ಲಿದೆ.