ಕೈ ತೊಳೆಯಿರಿ ಎಂಬ ಮಾತು ಯಾಕೆ ನಾಟಲಿಲ್ಲ?

ಸರಿಯಾದ ಸಾಕ್ಷಿ ಮುಂದಿಟ್ಟರೆ ಜನ ಒಪ್ಪುತ್ತಾರೆ ಅಂತ ನಾವು ಸುಮ್ನೆ ನಂಬಿಕೊಂಡಿರುತ್ತೇವೆ. ವಿಜ್ಞಾನ ಓದಿದವರಂತೂ ಒಪ್ಪಲೇಬೇಕು, ಅಲ್ವಾ? ಈ ಟಿಪ್ಪಣಿಯಲ್ಲಿ ಒಂದು ಹಳೆಯ ಘಟನೆ ಹಿಡಿದು ಆ ನಂಬಿಕೆಯನ್ನು ಪರೀಕ್ಷಿಸೋಣ. ವಿಜ್ಞಾನದ ವಿಧಾನ, ಸಮಾಜದ ಮೇಲು ಕೀಳು, ಮನಸ್ಸಿನ ಹಟ ಇವನ್ನು ನಾವು ಮೂರು ಬೇರೆ ಪಾಠಗಳಾಗಿ ಓದುತ್ತೇವೆ. ಇಲ್ಲಿ ಮೂರೂ ಒಂದೇ ವಾರ್ಡಿನಲ್ಲಿ ಸಿಗುತ್ತವೆ.

1846ರಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ಹಂಗೇರಿಯ ಯುವ ವೈದ್ಯ ವಿಯೆನ್ನಾದ ದೊಡ್ಡ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಸಹಾಯಕನಾಗಿ ಬಂದ. ಅಲ್ಲಿ ಎರಡು ವಾರ್ಡುಗಳಿದ್ದವು. ಮೊದಲನೆಯದರಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಕಲಿಯುತ್ತಿದ್ದರು, ಎರಡನೆಯದರಲ್ಲಿ ಸೂಲಗಿತ್ತಿಯರು. 1841ರಿಂದ 1846ರವರೆಗಿನ ಲೆಕ್ಕ ನೋಡಿದರೆ ಮೊದಲ ವಾರ್ಡಿನಲ್ಲಿ ನೂರಕ್ಕೆ ಸುಮಾರು 10 ತಾಯಂದಿರು ಸಾಯುತ್ತಿದ್ದರು. ಎರಡನೆಯದರಲ್ಲಿ ನೂರಕ್ಕೆ 4ರ ಒಳಗೆ. ಬಹುಪಾಲು ಸಾವಿಗೆ ಕಾರಣ ಬಾಣಂತಿ ಜ್ವರ. ಯಾವ ದಿನ ಯಾವ ವಾರ್ಡಿಗೆ ಸೇರಿಸಿಕೊಳ್ಳುತ್ತಾರೆ ಎಂಬುದು ಸರದಿಯ ಮೇಲೆ ನಡೆಯುತ್ತಿತ್ತು. ಈ ವಿಷಯ ಊರಿಗೆಲ್ಲ ಗೊತ್ತಿತ್ತು. ಮೊದಲ ವಾರ್ಡು ಬೇಡ ಅಂತ ಹೆಂಗಸರು ಕೈ ಮುಗಿದು ಬೇಡಿಕೊಳ್ಳುತ್ತಿದ್ದರು. ದಾರಿಯಲ್ಲೇ ಹೆತ್ತು ಆಮೇಲೆ ಆಸ್ಪತ್ರೆಗೆ ಬಂದವರಲ್ಲೂ ಸಾವು ಕಡಿಮೆ ಇತ್ತು!

ಈಗ ಪಾಠದ ಮುಖ್ಯ ಭಾಗ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಆ ಕಾಲದ ವೈದ್ಯರು ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎನ್ನುತ್ತಿದ್ದರು. ಸೆಮ್ಮೆಲ್‌ವೈಸ್ ಕೇಳಿದ್ದು ಇಷ್ಟೇ: ಗಾಳಿ ಎರಡೂ ವಾರ್ಡಿಗೆ ಒಂದೇ, ಹಾಗಿದ್ದರೆ ಸಾವಿನ ಲೆಕ್ಕ ಯಾಕೆ ಬೇರೆ? ಎರಡೂ ಕಡೆ ಸಮಾನವಾಗಿ ಇರುವುದು ಅವೆರಡರ ನಡುವಿನ ವ್ಯತ್ಯಾಸಕ್ಕೆ ಕಾರಣವಾಗಲಾರದು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ನೆನಪಿಡಬೇಕಾದ ತರ್ಕ ಇದೊಂದೇ. ಜನ ಜಾಸ್ತಿಯಾಗಿ ಹೀಗಾಗುತ್ತಿದೆಯೇ? ಇಲ್ಲ, ಎರಡನೇ ವಾರ್ಡೇ ಹೆಚ್ಚು ತುಂಬಿರುತ್ತಿತ್ತು. ಎರಡನೇ ವಾರ್ಡಿನಲ್ಲಿ ಹೆಂಗಸರು ಪಕ್ಕಕ್ಕೆ ಮಲಗಿ ಹೆರುತ್ತಿದ್ದರು, ಮೊದಲನೆಯದರಲ್ಲಿ ಅಂಗಾತ. ಅವನು ಅದನ್ನೂ ಬದಲಿಸಿ ನೋಡಿದ. ಫಲ ಸಿಗಲಿಲ್ಲ. ಸಾಯುವವರ ಬಳಿಗೆ ಪಾದ್ರಿ ಗಂಟೆ ಬಾರಿಸುತ್ತ ಮೊದಲ ವಾರ್ಡನ್ನು ಹಾದು ಹೋಗುತ್ತಿದ್ದರು. ಆ ಭಯಕ್ಕೇ ಜ್ವರ ಬರುತ್ತಿದೆಯೇನೋ ಎಂದು ಪಾದ್ರಿಯ ದಾರಿ ಬದಲಿಸಿ, ಗಂಟೆ ನಿಲ್ಲಿಸಿದ. ಆಗಲೂ ಲೆಕ್ಕ ಕದಲಲಿಲ್ಲ.

ಗಂಟೆಯ ಕತೆ ಓದಿ ನಗಬೇಡಿ. ಭಯ ಕಾರಣ ಅಂತ ಅವನು ಸುಮ್ಮನೆ ಹೇಳಿ ಮುಗಿಸಲಿಲ್ಲ. ಅದನ್ನು ತೆಗೆದು, ಸಾವು ಎಣಿಸಿ, ತಪ್ಪು ಎಂದು ಗೊತ್ತಾದ ಮೇಲೆ ಕೈಬಿಟ್ಟ.

1847ರ ಮಾರ್ಚ್‌ನಲ್ಲಿ ಅವನ ಗೆಳೆಯ, ಪ್ರೊಫೆಸರ್ ಯಾಕೋಬ್ ಕೊಲೆಚ್ಕಾ ತೀರಿಕೊಂಡ. ಶವಪರೀಕ್ಷೆ ಮಾಡುವಾಗ ವಿದ್ಯಾರ್ಥಿಯೊಬ್ಬನ ಚಾಕು ಅವನ ಬೆರಳಿಗೆ ತಗುಲಿತ್ತು. ಅವನ ದೇಹದಲ್ಲಿ ಕಂಡ ಲಕ್ಷಣಗಳು ಬಾಣಂತಿ ಜ್ವರದಲ್ಲಿ ಸತ್ತವರ ಲಕ್ಷಣಗಳ ಹಾಗೇ ಇದ್ದವು. ಬಾಣಂತಿಯರ ಕಾಯಿಲೆ ಗಂಡಸಿಗೆ ಹೇಗೆ ಬಂತು? ಉತ್ತರ ಕೈಯಲ್ಲಿತ್ತು. ವೈದ್ಯರೂ ವಿದ್ಯಾರ್ಥಿಗಳೂ ಬೆಳಿಗ್ಗೆ ಹೆಣ ಕೊಯ್ದು ಅದೇ ಕೈಯಲ್ಲಿ ಹೆರಿಗೆ ವಾರ್ಡಿಗೆ ಬರುತ್ತಿದ್ದರು. ಸೂಲಗಿತ್ತಿಯರು ಹೆಣ ಮುಟ್ಟುತ್ತಿರಲಿಲ್ಲ.

ಮೇ ತಿಂಗಳಿನಿಂದ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನಲ್ಲಿ ಕೈ ತೊಳೆಯುವುದು ಕಡ್ಡಾಯವಾಯಿತು. ಅದನ್ನೇ ಆರಿಸಿದ್ದು ಹೆಣದ ವಾಸನೆ ಅದರಿಂದ ಹೋಗುತ್ತಿತ್ತು ಎಂಬ ಕಾರಣಕ್ಕೆ. ರೋಗಾಣು ಎಂಬ ಕಲ್ಪನೆ ಅವನಿಗಿರಲಿಲ್ಲ. ಮೊದಲ ವಾರ್ಡಿನಲ್ಲಿ ಏಪ್ರಿಲ್‌ನ ಸಾವು ಶೇ. 18.3 ಇತ್ತು. ಜೂನ್‌ನಲ್ಲಿ ಶೇ. 2.2. ಜುಲೈನಲ್ಲಿ ಶೇ. 1.2.

ಇಷ್ಟಾದ ಮೇಲೂ ಊರೂರಿನ ದೊಡ್ಡ ವೈದ್ಯರು ಒಪ್ಪಲಿಲ್ಲ. ಅವರೆಲ್ಲ ಮೂರ್ಖರು ಎಂದು ಬರೆದರೆ ಪರೀಕ್ಷೆಯಲ್ಲಿ ಅಂಕ ಬರಬಹುದು, ವಿಷಯ ಅರ್ಥವಾಗುವುದಿಲ್ಲ.

ಅವರ ಒಂದು ತಕರಾರು ನ್ಯಾಯವಾಗಿಯೇ ಇತ್ತು. ಹೆಣದಿಂದ ಅಂಟುವ ಕಣಗಳು ರೋಗ ತರುತ್ತವೆ ಎಂದು ಇವನು ಹೇಳುತ್ತಿದ್ದ. ಆ ಕಣ ಯಾವುದು, ದೇಹದೊಳಗೆ ಏನು ಮಾಡುತ್ತದೆ ಎಂದು ತೋರಿಸಲು ಅವನಿಂದ ಆಗಲಿಲ್ಲ. ಹೆಣ ಕೊಯ್ಯದ ಕಡೆಯೂ ಬಾಣಂತಿ ಜ್ವರ ಬರುತ್ತಿತ್ತಲ್ಲ? ಅವನು ಕೊಳೆಯುವ ಯಾವ ಜೈವಿಕ ವಸ್ತುವಿನಿಂದಲೂ ಬರಬಹುದು ಎಂದು ವಾದವನ್ನು ಹಿಗ್ಗಿಸಿದ. ಆದರೆ ಮೊದಲು ಕೇಳಿದ ಹೆಣದ ಮಾತೇ ಎಲ್ಲರ ತಲೆಯಲ್ಲಿ ಉಳಿಯಿತು. ಲೆಕ್ಕ ಇತ್ತು, ಅದನ್ನು ಹೊರುವ ಸಿದ್ಧಾಂತ ಇರಲಿಲ್ಲ. ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಶ್ಚರ್ ಬಾಣಂತಿ ಜ್ವರದ ರೋಗಾಣುವನ್ನು ತೋರಿಸಿದ್ದು 1879ರಲ್ಲಿ. ಅಷ್ಟರಲ್ಲಿ ಇವನು ಸತ್ತು 14 ವರ್ಷವಾಗಿತ್ತು.

ಇನ್ನೊಂದು ಕಾರಣ ಕುರ್ಚಿಯದು. ವಾರ್ಡಿನ ಮುಖ್ಯಸ್ಥ ಯೋಹಾನ್ ಕ್ಲೈನ್. ಅವನಿಗಿಂತ ಹಿಂದಿನ ಮುಖ್ಯಸ್ಥನ ಕಾಲದಲ್ಲಿ ಪಾಠಕ್ಕಾಗಿ ಹೆಣ ಬಳಸುತ್ತಿರಲಿಲ್ಲ, ಸಾವೂ ಕಡಿಮೆ ಇತ್ತು. 1820ರ ದಶಕದಲ್ಲಿ ಕ್ಲೈನ್ ಬಂದ ಮೇಲೆ ಹೆಣದ ಮೇಲೆ ಕಲಿಸುವುದು ಶುರುವಾಯಿತು, ಸಾವೂ ಏರಿತು. ಅಂದರೆ ಸಹಾಯಕನ ಲೆಕ್ಕ ನೇರವಾಗಿ ಯಜಮಾನನ ಬುಡಕ್ಕೇ ಬರುತ್ತಿತ್ತು. 1849ರಲ್ಲಿ ಸೆಮ್ಮೆಲ್‌ವೈಸ್‌ನ ನೇಮಕ ಮುಂದುವರಿಯಲಿಲ್ಲ. ಹೊರಗಿನಿಂದ ಬಂದ ಹುಡುಗ, ಅದೂ 1848ರಲ್ಲಿ ವಿಯೆನ್ನಾದ ಆಳ್ವಿಕೆಯ ವಿರುದ್ಧ ಹಂಗೇರಿ ದಂಗೆ ಎದ್ದ ಮೇಲೆ. ಅವನ ಪರ ನಿಲ್ಲುವುದು ಸುಲಭವಿರಲಿಲ್ಲ.

ಮನಸ್ಸಿನ ಪಾಲು ಇವೆರಡಕ್ಕಿಂತ ಕಷ್ಟದ್ದು. ಕೈಯಿಂದ ರೋಗ ಹರಡುತ್ತದೆ ಎಂದು ಒಪ್ಪಿದ ವೈದ್ಯನಿಗೆ ಮರುಕ್ಷಣವೇ ಇನ್ನೊಂದು ಲೆಕ್ಕ ಎದುರಾಗುತ್ತದೆ: ಇಷ್ಟು ವರ್ಷ ನನ್ನ ಕೈಯಿಂದ ಎಷ್ಟು ಜನ ಸತ್ತರು? ಕೀಲ್ ನಗರದ (ಈಗಿನ ಜರ್ಮನಿ) ಹೆರಿಗೆ ವೈದ್ಯ ಗುಸ್ತಾವ್ ಮಿಖಾಯೆಲಿಸ್ ಆ ಲೆಕ್ಕ ಹಾಕಿದ. ಅವನು ಸೆಮ್ಮೆಲ್‌ವೈಸ್‌ನ ಮಾತನ್ನು ಬೇಗನೆ ಒಪ್ಪಿದವರಲ್ಲಿ ಒಬ್ಬ. ಅವನೇ ನೋಡಿಕೊಂಡಿದ್ದ ಸಂಬಂಧಿಕಳೊಬ್ಬಳು ಈ ಜ್ವರದಿಂದ ಸತ್ತಿದ್ದಳು. 1848ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಒಪ್ಪದವರಿಗೆ ಆ ರಾತ್ರಿಗಳು ಬರಲಿಲ್ಲ. ನಮಗಿರುವ ನಂಬಿಕೆಗೂ ಎದುರಿಗಿರುವ ಸತ್ಯಕ್ಕೂ ತಾಳೆಯಾಗದಾಗ ಹುಟ್ಟುವ ಈ ಕಸಿವಿಸಿಯನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1957ರಲ್ಲಿ ಒಂದು ಸಿದ್ಧಾಂತವಾಗಿ ಬೆಳೆಸಿದ. ಕಸಿವಿಸಿ ಕಳೆಯಲು ನಾವು ಸಾಮಾನ್ಯವಾಗಿ ಅಗ್ಗದ ದಾರಿ ಹಿಡಿಯುತ್ತೇವೆ. ನಡೆದುಹೋದದ್ದನ್ನು ಅಳಿಸಲು ಆಗುವುದಿಲ್ಲ, ಸಾಕ್ಷಿಯನ್ನು ತಳ್ಳಿಹಾಕಲು ಆಗುತ್ತದೆ.

ಸೆಮ್ಮೆಲ್‌ವೈಸ್‌ನ ತಪ್ಪನ್ನೂ ಬರೆದುಕೊಳ್ಳಿ. ಅವನು ವಿವರವಾದ ಪುಸ್ತಕ ಹೊರತಂದದ್ದು 1861ರಲ್ಲಿ, ಕೈ ತೊಳೆಸಲು ಶುರು ಮಾಡಿದ 14 ವರ್ಷಗಳ ಮೇಲೆ. ಅಲ್ಲಿವರೆಗೆ ಹೆಚ್ಚಾಗಿ ಗೆಳೆಯರೇ ಅವನ ಪರ ಮಾತಾಡಿದರು. ಆಮೇಲೆ ಬಹಿರಂಗ ಪತ್ರ ಬರೆದು ಒಪ್ಪದವರನ್ನು ಕೊಲೆಗಾರರೆಂದು ಬೈದ. ತಪ್ಪಿತಸ್ಥ ಮನಸ್ಸಿಗೆ ಬಾಗಿಲು ತೆರೆಯಬೇಕಾದವನು ಹೊರಗಿನಿಂದ ಚಿಲಕ ಹಾಕಿದ ಹಾಗಾಯಿತು. 1865ರಲ್ಲಿ ಒಂದು ಹುಚ್ಚಾಸ್ಪತ್ರೆಯಲ್ಲಿ, 47ನೇ ವಯಸ್ಸಿನಲ್ಲಿ, ಗಾಯ ನಂಜಾಗಿ ಸತ್ತ.

ಹಾಗಾದರೆ ಎಲ್ಲರೂ ವಿರೋಧಿಸಿದವನೇ ಸರಿ ಎಂದುಕೊಳ್ಳಬೇಕೇ? ಇಲ್ಲಿ ಕಲಿಯುವವರು ಜಾಸ್ತಿ ಜಾರುತ್ತಾರೆ. ಎದುರು ಉದಾಹರಣೆ ಇದು: 1903ರಲ್ಲಿ ಫ್ರಾನ್ಸಿನ ಹೆಸರಾಂತ ಭೌತವಿಜ್ಞಾನಿ ರೆನೆ ಬ್ಲಾಂಡ್ಲೊ 'ಎನ್ ಕಿರಣ' ಎಂಬ ಹೊಸ ಕಿರಣ ಕಂಡೆ ಎಂದ. ಹತ್ತಾರು ವಿಜ್ಞಾನಿಗಳು ತಮಗೂ ಕಂಡಿತು ಎಂದರು. ಮರುವರ್ಷ ಅಮೆರಿಕದ ರಾಬರ್ಟ್ ವುಡ್ ಅವನ ಪ್ರಯೋಗಶಾಲೆಗೆ ಹೋಗಿ, ಕತ್ತಲಲ್ಲಿ ಗುಟ್ಟಾಗಿ ಉಪಕರಣದಲ್ಲಿ ಆ ಕಿರಣವನ್ನು ಬಿಡಿಸಿ ತೋರಿಸಬೇಕಾದ ಪಟ್ಟಕವನ್ನೇ (ಪ್ರಿಸಂ) ತೆಗೆದುಬಿಟ್ಟ. ಆಮೇಲೂ ಅವರು ಮೊದಲಿನ ಅಳತೆಗಳನ್ನೇ ಓದುತ್ತಿದ್ದರು! ಅಂಥ ಕಿರಣವೇ ಇರಲಿಲ್ಲ. ಸೆಮ್ಮೆಲ್‌ವೈಸ್‌ಗೆ ಸಿಗದ ಒಪ್ಪಿಗೆ ಇವನಿಗೆ ಬೇಗನೆ ಸಿಕ್ಕಿತ್ತು.

ಎರಡೂ ಪ್ರಕರಣ ಪಕ್ಕಪಕ್ಕ ಇಟ್ಟರೆ ನನಗೆ ಕಾಣುವ ಗೆರೆ ಇದು. ಬ್ಲಾಂಡ್ಲೊನ ಸಾಕ್ಷಿ ಕತ್ತಲಲ್ಲಿ ಮಿನುಗುವ ಮಂದ ಬೆಳಕು. ಅದು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಹೇಳಬೇಕಾದದ್ದು ನೋಡುವವನ ಕಣ್ಣು, ಆ ಕಣ್ಣಿಗೆ ಆಸೆ ಇತ್ತು. ಸೆಮ್ಮೆಲ್‌ವೈಸ್‌ನ ಸಾಕ್ಷಿ ಸತ್ತವರ ಎಣಿಕೆ. ಅವನನ್ನು ದ್ವೇಷಿಸುವವನು ಎಣಿಸಿದರೂ ಅದೇ ಸಂಖ್ಯೆ ಬರುತ್ತಿತ್ತು.

ನೀವೇ ಮಾಡಿ ನೋಡಲು ಒಂದು ಪ್ರಶ್ನೆ. 1847ರ ಬೇಸಿಗೆಯಲ್ಲಿ ಸಾವು ತಾನಾಗಿಯೇ ಇಳಿದಿರಬಹುದು, ಕೈ ತೊಳೆದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಒಬ್ಬರು ವಾದಿಸುತ್ತಾರೆ. ಏನು ಉತ್ತರ ಕೊಡುತ್ತೀರಿ? ಒಂದು ತಿಂಗಳು ಬಿಟ್ಟು ಇಡೀ ವರ್ಷ ನೋಡಿ, ಮತ್ತೆ ಎರಡೂ ವಾರ್ಡು ಹೋಲಿಸಿ. 1848ರಲ್ಲಿ ಮೊದಲ ವಾರ್ಡಿನ ಸಾವು ಶೇ. 1.27. ಸೂಲಗಿತ್ತಿಯರ ವಾರ್ಡಿನಲ್ಲಿ ಶೇ. 1.33.