ಬಂಡೆ ಮೇಲೆ ನಿಂತ ಮೆಷಿನ್‌ಗೆ ಅರ್ಥ್ ವೈರ್ ಬೇಕಾ?

ಪ್ರಶ್ನೆ: ಸರ್, ನಮ್ಮ ಕ್ವಾರಿಯ ವೈರ್ ಸಾ ಮೆಷಿನ್ (ತಂತಿಯಿಂದ ಬಂಡೆ ಕೊಯ್ಯೋ ಯಂತ್ರ) ಕಬ್ಬಿಣದ ಹಳಿ ಮೇಲಿದೆ, ಹಳಿ ಬಂಡೆ ಮೇಲಿದೆ. ಅದೇ ಅರ್ಥ್ ಆಯ್ತಲ್ವಾ? ಕೇಬಲ್ಲಿನ ಅರ್ಥ್ ವೈರ್ ತುಂಡಾದರೆ ಮೆಷಿನ್ ನಿಲ್ಲಿಸೋ ರಿಲೇ ಯಾಕೆ?

ಇಳಕಲ್ ಕಡೆಯಿಂದ ಬಂದರೂ ಇದೇ ಪ್ರಶ್ನೆ, ಕನಕಪುರದ ಕಡೆಯಿಂದ ಬಂದರೂ ಇದೇ ಪ್ರಶ್ನೆ. ಹೇಳಿ ಹೇಳಿ ಸಾಕಾಗಿದೆ. ಈ ಸಲ ಲೆಕ್ಕ ಹಾಕಿಯೇ ತೋರಿಸುತ್ತೇನೆ.

ಫೇಸ್ ವೈರ್ ತುಂಡಾದರೆ ಮೋಟರ್ ಗುಂಯ್ ಅನ್ನುತ್ತದೆ, ಎಲ್ಲರಿಗೂ ಗೊತ್ತಾಗುತ್ತದೆ. ಅರ್ಥ್ ವೈರ್ ತುಂಡಾದರೆ ಏನೂ ಆಗುವುದಿಲ್ಲ. ಮೆಷಿನ್ ಆರಾಮಾಗಿ ಓಡುತ್ತದೆ. ವೈರ್ ಸಾ ಕೊಯ್ಯುತ್ತಾ ಹಿಂದೆ ಸರಿಯುತ್ತಿರುತ್ತದೆ. ಕೇಬಲ್ ಚೂಪು ಕಲ್ಲಿನ ಮೇಲೆ ಎಳೆದಾಡುತ್ತದೆ, ಅದರ ಮೇಲೆ ಲೋಡರ್ ಹತ್ತುತ್ತದೆ. ಒಳಗೆ ಯಾವ ಎಳೆ ಹೋಯಿತು ಅಂತ ಹೊರಗಿನ ರಬ್ಬರ್ ನೋಡಿ ಹೇಳಲಾಗದು.

ಈಗ ಆ "ಬಂಡೆಯೇ ಅರ್ಥ್" ಅನ್ನುವ ಮಾತು. ಗ್ರಾನೈಟ್ ಕರೆಂಟನ್ನು ಸಲೀಸಾಗಿ ಬಿಡುವ ಕಲ್ಲಲ್ಲ. ನಿಮ್ಮ ಪರವಾಗಿಯೇ ಲೆಕ್ಕ ಹಾಕೋಣ. ಬಂಡೆಯ ಮೂಲಕ ಬರೀ 50 ಓಮ್ ಅಂದುಕೊಳ್ಳಿ. ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್‌ನ ಅರ್ಥಿಂಗ್ 2 ಓಮ್. ಒಂದು ಫೇಸ್ ಮೆಷಿನ್ ಬಾಡಿಗೆ ತಾಗಿತು. 240 ವೋಲ್ಟನ್ನು 52ರಿಂದ ಭಾಗಿಸಿದರೆ ಸುಮಾರು 4.6 ಆಂಪ್ಸ್. 100 ಆಂಪ್ಸ್ ಬ್ರೇಕರ್‌ಗೆ ಅದು ಗೊತ್ತೇ ಆಗುವುದಿಲ್ಲ. ಮೆಷಿನ್ ಬಾಡಿ ಮಾತ್ರ 230 ವೋಲ್ಟ್ ಹೊತ್ತು ನಿಂತಿರುತ್ತದೆ. ಅದೇ ಕೇಬಲ್ಲಿನ ಅರ್ಥ್ ಕೋರ್, ಅಂದರೆ ಒಳಗಿನ ಅರ್ಥ್ ವೈರ್, ಟ್ರಾನ್ಸ್‌ಫಾರ್ಮರ್ ನ್ಯೂಟ್ರಲ್ ತನಕ ಸರಿಯಾಗಿದ್ದು, ಇಡೀ ಸುತ್ತು 0.2 ಓಮ್ ಇದ್ದರೆ? 1200 ಆಂಪ್ಸ್. ಬ್ರೇಕರ್ ಆ ಕ್ಷಣವೇ ಬೀಳುತ್ತದೆ (ಟ್ರಿಪ್ ಆಗುತ್ತದೆ).

"ನಾನೂ ಅದೇ ಬಂಡೆ ಮೇಲೆ ನಿಂತಿರುತ್ತೇನಲ್ಲ, ನನಗೇನು ಆಗುತ್ತದೆ?" ಜಾಣ ಪ್ರಶ್ನೆ. ಆದರೆ ವೋಲ್ಟೇಜು ಬಂಡೆಯ ಉದ್ದಕ್ಕೂ ಒಂದೇ ಇರುವುದಿಲ್ಲ. ಹಳಿಯಿಂದ ಎರಡು ಹೆಜ್ಜೆ ಆಚೆಗೇ ಬಹಳ ಇಳಿದಿರುತ್ತದೆ. ಕೈ ಮೆಷಿನ್ ಮೇಲೆ, ಕಾಲು ಆಚೆ: ಆ ವ್ಯತ್ಯಾಸ ನಿಮ್ಮ ಮೈ ಮೇಲೆ. ಇನ್ನೊಂದು ಕೈ ದೂರದ ಪಂಪಿನಿಂದ ಬಂದ ಕಬ್ಬಿಣದ ಪೈಪ್ ಹಿಡಿದಿದ್ದರೆ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜು ನಿಮ್ಮ ಮೈ ಮೇಲೆ.

"ನೀರು ಸುರಿಯುತ್ತಲೇ ಇರುತ್ತದೆ, ಒದ್ದೆ ಬಂಡೆ ಒಳ್ಳೆ ಅರ್ಥ್" ಅಂತಲೂ ಬರೆಯುತ್ತಾರೆ. ದಯವಿಟ್ಟು ಬಿಡಿ ಆ ಮಾತು. ಆ ನೀರು ಬಂಡೆಯ ಮೇಲ್ಮೈಯನ್ನಷ್ಟೇ ನೆನೆಸುತ್ತದೆ. ಜೊತೆಗೆ ನಿಮ್ಮ ಕೈಕಾಲನ್ನೂ ನೆನೆಸಿ ಶಾಕನ್ನು ಜಾಸ್ತಿ ಮಾಡುತ್ತದೆ.

ಇಎಲ್‌ಸಿಬಿ (ಕರೆಂಟು ಅರ್ಥ್‌ಗೆ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್) ಇದೆ ಅನ್ನುವವರಿಗೆ: ಅದರ ಮೇಲೆ ಎಷ್ಟು ಮಿಲಿಆಂಪ್ಸ್ ಅಂತ ಬರೆದಿದೆ ನೋಡಿ. ಪದೇ ಪದೇ ಬೀಳುತ್ತದೆ ಅಂತ 300ರದ್ದು ಹಾಕಿರುತ್ತೀರಿ. ಮೇಲಿನ ಲೆಕ್ಕದ 4.6 ಆಂಪ್ಸ್‌ಗೆ ಅದು ಬೀಳುತ್ತದೆ ನಿಜ. ಆದರೆ ಬಂಡೆಯ ತಡೆ 50 ಅಲ್ಲ, ಸಾವಿರಾರು ಓಮ್ ಇದ್ದರೆ ನೀವು ಮುಟ್ಟುವ ತನಕ ಅದಕ್ಕೆ ಏನೂ ಗೊತ್ತಾಗದು. ಮುಟ್ಟಿದಾಗ, ಮೈಯ ತಡೆ 1500 ಓಮ್ ಅಂದರೂ 240 ವೋಲ್ಟ್‌ಗೆ 160 ಮಿಲಿಆಂಪ್ಸ್ ಹರಿಯುತ್ತದೆ. ಜೀವ ತೆಗೆಯಲು ಅಷ್ಟು ಸಾಕು, 300ರ ಇಎಲ್‌ಸಿಬಿ ಅಷ್ಟಕ್ಕೆ ಬಿದ್ದೇ ಬೀಳುತ್ತದೆ ಅನ್ನುವ ಖಾತ್ರಿ ಇಲ್ಲ.

ಹಾಗಾಗಿ ಅರ್ಥ್ ಕೋರ್ ಇದೆಯೋ ಇಲ್ಲವೋ ಅಂತ ಸದಾ ಕಾಯಬೇಕು. ಭೂಗತ ಗಣಿಗಳ ಟ್ರೇಲಿಂಗ್ ಕೇಬಲ್‌ಗಳಲ್ಲಿ (ಮೆಷಿನ್ ತನ್ನ ಹಿಂದೆ ಎಳೆದುಕೊಂಡು ಹೋಗುವ ಕೇಬಲ್) ಇದು ಹಳೆಯ ಪದ್ಧತಿ. ಮೂರು ಫೇಸ್, ಒಂದು ಅರ್ಥ್, ಜೊತೆಗೆ ಸಣ್ಣದೊಂದು ಪೈಲಟ್ ಕೋರ್. ಪ್ಯಾನೆಲ್‌ನಿಂದ ಸಣ್ಣ ಎಸಿ ವೋಲ್ಟೇಜ್ ಪೈಲಟ್‌ನಲ್ಲಿ ಹೋಗಿ, ಮೆಷಿನ್ ಬಾಡಿಗೆ ಸೇರಿ, ಅರ್ಥ್ ಕೋರ್‌ನಲ್ಲಿ ವಾಪಸ್ ಬರುತ್ತದೆ. ಎರಡರಲ್ಲಿ ಯಾವುದು ತುಂಡಾದರೂ ರಿಲೇ ಬೀಳುತ್ತದೆ, ಮೆಷಿನ್‌ಗೆ ಕರೆಂಟು ಕೊಡುವ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ತೆರೆದು ಸಪ್ಲೈ ನಿಲ್ಲುತ್ತದೆ.

ಇದರ ಸೊಗಸೆಲ್ಲ ಮೆಷಿನ್ ಒಳಗೆ ಪೈಲಟ್ಟಿಗೂ ಅರ್ಥ್‌ಗೂ ನಡುವೆ ಕೂರಿಸಿದ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್‌ನಲ್ಲಿದೆ. ಲೋಡರ್ ಹತ್ತಿ ಪೈಲಟ್ಟೂ ಅರ್ಥೂ ಜಜ್ಜಿ ಒಂದಾದವು ಅಂತಿಟ್ಟುಕೊಳ್ಳಿ. ಡಯೋಡ್ ಇಲ್ಲದಿದ್ದರೆ ಸುತ್ತು ಪೂರ್ತಿಯಾಗಿದೆ ಅಂತಲೇ ರಿಲೇ ನಂಬುತ್ತದೆ. ಡಯೋಡ್ ಇದ್ದರೆ ಕರೆಂಟು ಒಂದೇ ದಿಕ್ಕಿಗೆ ಹರಿಯಬೇಕು. ಎರಡೂ ದಿಕ್ಕಿಗೆ ಹರಿದರೆ ಶಾರ್ಟ್ ಅಂತ ಗೊತ್ತಾಗಿ ಬೀಳುತ್ತದೆ. ಟ್ರಿಪ್ಪಿಂಗ್ ಕಾಟ ಅಂತ ಕೆಲವರು ಆ ಡಯೋಡನ್ನು ಪ್ಯಾನೆಲ್ ಒಳಗೇ ಕಟ್ಟುತ್ತಾರೆ. ಆಮೇಲೆ ರಿಲೇ ಕಾಯುವುದು ಪ್ಯಾನೆಲ್ಲನ್ನು, ಮೆಷಿನ್ನನ್ನಲ್ಲ. ಇದು ಕೊಲೆಗೆ ಸಮ.

ಯಾರೂ ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಇಂಥ ಕೇಬಲ್ಲಿನ ಪ್ಲಗ್ ಬಿಚ್ಚಿ ನೋಡಿ, ಪೈಲಟ್ ಪಿನ್ ಉಳಿದವಕ್ಕಿಂತ ಗಿಡ್ಡ ಇರುತ್ತದೆ. ಓಡುತ್ತಿರುವಾಗ ಯಾರಾದರೂ ಪ್ಲಗ್ ಎಳೆದರೆ ಮೊದಲು ಬಿಡುವುದು ಅದೇ. ಫೇಸ್ ಪಿನ್‌ಗಳು ಹೊರಬರುವಷ್ಟರಲ್ಲಿ ಕಾಂಟ್ಯಾಕ್ಟರ್ ಬಿಟ್ಟಿರುತ್ತದೆ, ಕೈಯಲ್ಲಿ ಕಿಡಿ ಹಾರುವುದಿಲ್ಲ. ಆ ಪಿನ್ ಸವೆದಿದೆ ಅಂತ ಲೇತ್‌ನಲ್ಲಿ ಉದ್ದದ್ದು ಮಾಡಿಸಿ ಹಾಕಬೇಡಿ.